ಗೆಲುವಿನ ಜೊತೆ ನಡತೆಗೂ ಮನ್ನಣೆ

ಪ್ರಶ್ನೆ: ನನ್ನ ಮಗಳು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಅಮೆರಿಕದಲ್ಲಿ ಕಾಲೇಜು ತರಬೇತುದಾರರ ಸನ್ನಡತೆಗೂ ಪ್ರಶಸ್ತಿ ಕೊಡುತ್ತಾರಂತೆ, ನಿಜವೇ? ನಮ್ಮಲ್ಲಿ ಅಂಥದ್ದು ಇದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಜ. ಅಂಗಳದಲ್ಲಿ ಯಶಸ್ಸು ಗಳಿಸಿ, ಅಂಗಳದ ಹೊರಗೂ ಪ್ರಾಮಾಣಿಕವಾಗಿ ನಡೆದುಕೊಂಡ ಪುರುಷರ ಕಾಲೇಜು ತಂಡಗಳ ತರಬೇತುದಾರರಿಗೆ ಸ್ಕಿಪ್ ಪ್ರಾಸರ್ ಹೆಸರಿನ ಪ್ರಶಸ್ತಿ ಸಲ್ಲುತ್ತದೆ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತಿ ನೀಡುತ್ತಿದ್ದಾಗಲೇ, 2007ರ ಜುಲೈನಲ್ಲಿ ಹೃದಯಾಘಾತದಿಂದ ತೀರಿಕೊಂಡ ಪ್ರಾಸರ್, ಮೊದಲು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ಮೇಷ್ಟ್ರು. ಲೊಯೋಲಾ, ಝೇವಿಯರ್, ವೇಕ್ ಫಾರೆಸ್ಟ್ ಈ ಮೂರೂ ತಂಡಗಳನ್ನು ತಾವು ಹೊಣೆ ಹೊತ್ತ ಮೊದಲ ವರ್ಷದಲ್ಲೇ ರಾಷ್ಟ್ರೀಯ ಟೂರ್ನಿಗೆ ಕೊಂಡೊಯ್ದವರು. ಗೆಲ್ಲಲು ಬಾರದವರಿಗೆ ಕೊಡುವ ಸಮಾಧಾನದ ಬಹುಮಾನ ಇದಲ್ಲ ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ನಮ್ಮಲ್ಲಿ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ ಇದೆಯಾದರೂ, ಅದರ ಮುಖ್ಯ ಅಳತೆಗೋಲು ಶಿಷ್ಯರು ಅಂತರರಾಷ್ಟ್ರೀಯ ಕೂಟಗಳಲ್ಲಿ ತಂದ ಪದಕಗಳು. ಪದಕವನ್ನು ಎಣಿಸಬಹುದು, ನಡತೆಯನ್ನು ಎಣಿಸುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಗಾಯಗೊಂಡ ಆಟಗಾರ್ತಿಯನ್ನು ಫೈನಲ್‌ನಲ್ಲಿ ಆಡಿಸದೆ ಕೂರಿಸಿದವರು ಯಾರು, ಪರೀಕ್ಷೆಯ ದಿನಗಳಲ್ಲಿ ಅಭ್ಯಾಸಕ್ಕೆ ರಜೆ ಕೊಟ್ಟವರು ಯಾರು ಎಂದು ನಿಮ್ಮ ಮಗಳ ತಂಡದವರನ್ನೇ ಕೇಳಿದರೆ ಉತ್ತರ ಸಿಗುತ್ತದೆ. ಜಿಲ್ಲಾ ಮಟ್ಟದ ಟೂರ್ನಿಗಳ ಸಂಘಟಕರು ಹೀಗೆ ಆಟಗಾರರ ಅಭಿಪ್ರಾಯ ಪಡೆದು ಇಂಥದ್ದೊಂದು ಗೌರವವನ್ನು ಆರಂಭಿಸುವುದು ಕಷ್ಟವೇನಲ್ಲ.