ರಬ್ಬರ್ ಯಾರ ಕೈಯಲ್ಲಿದೆ?

ದೀಪಾವಳಿ ರಜೆ ಮುಗಿದ ಮೇಲೆ ಮಕ್ಕಳ ಕಲಿಕೆಯ ಬಗ್ಗೆ ಸಲಹೆ ಕೇಳಿ ಕಲಬುರಗಿಯ ನನ್ನ ಕೋಣೆಗೆ ಬರುವ ಪೋಷಕರ ದೂರು ಹೆಚ್ಚಾಗಿ ಒಂದೇ: ಮಗು ಬರೆಯುವುದಿಲ್ಲ. ಗುರುತು ಸಿಗದಂತೆ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಹುಡುಗನಿಗೆ ಆರು ವರ್ಷ. "ಬರಿಲಾಕ ಕುಂದ್ರು ಅಂದ್ರ ಹೊಟ್ಟಿ ಬ್ಯಾನಿ ಅಂತಾನ್ರಿ ಮೇಡಂ" ಎಂದರು ತಾಯಿ. ದಿನಕ್ಕೆ ನಾಲ್ಕು ಪುಟ ಕಾಪಿ ಬರೆಸುತ್ತಿದ್ದರಂತೆ. ಪುಸ್ತಕ ತೆರೆದರೆ ಅಕ್ಷರಕ್ಕಿಂತ ಮೊದಲು ಕಂಡಿದ್ದು ತೂತು. 'ಳ' ಇದ್ದ ಜಾಗದಲ್ಲಿ ಉಜ್ಜಿ ಉಜ್ಜಿ ಹಾಳೆ ಹರಿದಿತ್ತು. ನಾನು ಅದನ್ನು ನೋಡಿಯೂ ನೋಡದವಳಂತೆ, ಬೆರಳಿಗೆ ಶಕ್ತಿ ಸಾಲದು, ಹಿಟ್ಟು ನಾದಿಸಿ, ತೊಗರಿಕಾಯಿ ಸುಲಿಸಿ ಎಂದು ಕಳಿಸಿದೆ.

ಎರಡನೇ ಸಲ ಬಂದಾಗ ಎಳ್ಳ ಅಮಾಸಿ ಹತ್ತಿರವಿತ್ತು. ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಏನೇನು ಒಯ್ಯುತ್ತೀರಿ ಅಂತ ಹುಡುಗನನ್ನು ಕೇಳಿದೆ. ಬುಟ್ಟಿ ತುಂಬ ಹೇಳಿದ. "ಅವ್ವ ಮರೀತಾಳ, ಚೀಟಿ ಬರದು ಕೊಡು" ಎಂದೆ. ನಾಲಿಗೆ ಹೊರಗೆ ಚಾಚಿಕೊಂಡು ಬರೆದ: ಕಡಬ, ಬಜಿ, ರೊಟಿ.

"ಒತ್ತಕ್ಷರ ಬಿಟ್ಟಾನ್ರಿ" ಎನ್ನುತ್ತಲೇ ತಾಯಿಯ ಕೈ ಪರ್ಸಿಗೆ ಹೋಯಿತು. ರಬ್ಬರ್ ಹೊರಬರುವಷ್ಟರಲ್ಲಿ ಹುಡುಗ ಚೀಟಿಯನ್ನು ತೊಡೆ ಕೆಳಗೆ ಇಟ್ಟುಕೊಂಡ.

"ನಂದು ಒಂದೂ ಉಳಿಯಂಗಿಲ್ಲ. ಅವ್ವ ಎಲ್ಲಾ ಅಳಸ್ತಾಳ."

ತಾಯಿ ಸುಮ್ಮನಾದರು. ನಾನೂ.

ಆಮೇಲೆ ಹೇಳಿದ್ದು ಇಷ್ಟು. ನಾಲ್ಕು ಪುಟ ಬೇಡ, ದಿನಕ್ಕೆ ಐದು ಪದ ಸಾಕು. ರಬ್ಬರ್ ಕಪಾಟಿನಲ್ಲಿರಲಿ. ತಪ್ಪಾದರೆ ಪಕ್ಕದಲ್ಲಿ ಇನ್ನೊಮ್ಮೆ ಬರೆಯಲಿ. ಚೆಂದ ಬಂದ ಅಕ್ಷರಕ್ಕೆ ಅವನೇ ಸುತ್ತು ಹಾಕಲಿ. ಪದಗಳು ಆಯಾ ಕಾಲದವೇ ಆಗಲಿ: ಚಳಿಗೆ ತೊಗರಿ, ಕಡಲೆ, ಬೇಸಿಗೆಗೆ ಮಾವು, ಬಿಸಿಲು, ಕೊಡ. ಕಣ್ಣೆದುರಿನ ವಸ್ತುವಾದರೆ ಅದು ಏನು ಅಂತ ಯೋಚಿಸಬೇಕಿಲ್ಲ, ಗಮನವೆಲ್ಲ ಅಕ್ಷರದ ತಿರುವಿಗೆ ಹೋಗುತ್ತದೆ. ಮೊಬೈಲಿನಿಂದ ಪ್ರಿಂಟ್ ತೆಗೆಸುವ ಚಳಿಗಾಲದ ಹಾಳೆಗಳಲ್ಲಿ ಹಿಮದ ಗೊಂಬೆ ಇರುತ್ತದೆ. ಕಲಬುರಗಿ ಮಗು ಅದನ್ನೆಲ್ಲಿ ನೋಡಬೇಕು, ಹೇಳಿ? ಇನ್ನೂ ಚಿಕ್ಕ ಮಕ್ಕಳಿಗೆ ಸರ್ಕಾರಿ ಶಾಲೆಯ ನಲಿಕಲಿ ತರಗತಿಯವರ ಹಾಗೆ ರ, ಗ, ಸ, ದ ದಿಂದಲೇ ಶುರು ಮಾಡಿ. 'ಅ'ದಿಂದಲೇ ಆಗಬೇಕೆಂಬ ಹಟ ಬೇಡ.

ನಾನು ಮಕ್ಕಳನ್ನು ಸಡಿಲ ಬಿಡುತ್ತೇನೆ ಅನ್ನುವವರಿದ್ದಾರೆ. ಬರೆಯದೆ ಕೈ ತಿರುಗುವುದಿಲ್ಲ, ಒಪ್ಪುತ್ತೇನೆ. ಆದರೆ ಆರು ವರ್ಷಕ್ಕೆ ಮಣಿಕಟ್ಟಿನ ಎಲುಬು ಪೂರ್ತಿ ಬಲಿತಿರುವುದಿಲ್ಲ. ದಣಿದ ಕೈ ನಾಲ್ಕನೇ ಪುಟದಲ್ಲಿ ಕಲಿಯುವುದು ಪೆನ್ಸಿಲನ್ನು ತಪ್ಪಾಗಿ ಹಿಡಿಯುವುದನ್ನೇ. ಹಾಗಂತ ಎಲ್ಲಕ್ಕೂ ರಬ್ಬರೇ ಕಾರಣವಲ್ಲ. ತಿಂಗಳುಗಟ್ಟಲೆ ಕಲಿಸಿದರೂ ಅಕ್ಷರ ಗುರುತೇ ಸಿಗದಿದ್ದರೆ, ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಆ ಚೀಟಿ ಭಜ್ಜಿಯ ಎಣ್ಣೆ ಮೆತ್ತಿಕೊಂಡು ಅವರ ಅಡುಗೆಮನೆ ಗೋಡೆಯಲ್ಲಿದೆಯಂತೆ. ತಾಯಿ ಫೋನಿನಲ್ಲಿ ಈಗಲೂ ಕೇಳುತ್ತಾರೆ, "ಒತ್ತಕ್ಷರ ಯಾವಾಗ ಬರ್ತಾವ್ರಿ ಮೇಡಂ?" ಜೂನ್ ಹೊತ್ತಿಗೆ ಮಣ್ಣೆತ್ತಿನ ಅಮಾಸಿ ಬರುತ್ತದೆ, ಮೊದಲು ಮಣ್ಣು ನಾದಿ ಎತ್ತು ಮಾಡಲಿ ಎಂದಿದ್ದೇನೆ. ಆಮೇಲೆ ಅದರ ಹೆಸರು ಬರೆಯಲಿ. ಅದರಲ್ಲೇ ಒಂದು ಒತ್ತು ಇದೆ ಅಲ್ವಾ.