ಏಳರ ಲೆಕ್ಕಕ್ಕೆ ನಾಲ್ಕರ ಚಪ್ಪಾಳೆ

ಪ್ರಶ್ನೆ: ಇಪ್ಪತ್ತೆರಡು ವರ್ಷದಿಂದ ಒಂದು ಪ್ರೋಗ್ರೆಸ್ಸಿವ್ ಮೆಟಲ್ (ಉದ್ದುದ್ದ ಹಾಡು, ತಿರುಚಿದ ತಾಳ ಇರೋ ಮೆಟಲ್) ಬ್ಯಾಂಡ್ ಕೇಳ್ತಾ ಇದೀನಿ, ಹೆಸರು ಬೇಡ ಬಿಡಿ. ಮೊನ್ನೆ ಮೊದಲ್ನೇ ಸಲ ಲೈವ್ ನೋಡ್ದೆ. ಎರಡೂವರೆ ಗಂಟೆ ನುಡಿಸಿದ್ರು, ಒಂದು ನೋಟೂ ತಪ್ಪಲಿಲ್ಲ, ಆದ್ರೆ ನಂಗೆ ಏನೂ ಅನ್ನಿಸ್ಲೇ ಇಲ್ಲ. ಹಳೇ ಹಾಡೆಲ್ಲ ಶ್ರುತಿ ಇಳಿಸಿ ಹಾಡಿದ್ರು, ಅದು ಮೋಸ ಅಲ್ವಾ? ಪಕ್ಕದಲ್ಲೊಬ್ಬ ಹುಡುಗ ಪೂರ್ತಿ ತಪ್ಪು ಜಾಗದಲ್ಲಿ ಚಪ್ಪಾಳೆ ಹೊಡೀತಾ ಕುಣೀತಿದ್ದ, ಅವನ ಮುಖ ನೋಡಿದ್ರೆ ನಂಗಿಂತ ನೂರು ಪಟ್ಟು ಖುಷಿ. ನಾನಿನ್ನೂ ಫ್ಯಾನ್ ಹೌದಾ ಅಲ್ವಾ?

ಉತ್ತರ: ಹೌದು ಕಣ್ರೀ, ಫ್ಯಾನೇ, ಫ್ಯಾನ್ ಅಲ್ದೇ ಇದ್ರೆ ಶ್ರುತಿ ಇಳಿಸಿದ್ದು ಗೊತ್ತೇ ಆಗ್ತಿರ್ಲಿಲ್ಲ. ಆದ್ರೆ ನೀವು ಅಲ್ಲಿ ಹಾಡು ಕೇಳೋಕೆ ಹೋಗಿಲ್ಲ, ಟ್ಯಾಲಿ ಮಾಡೋಕೆ ಹೋಗಿದೀರ. ತಲೇಲಿರೋ ರೆಕಾರ್ಡು ಒಂದ್ ಕಡೆ, ಸ್ಟೇಜು ಒಂದ್ ಕಡೆ, ಮಧ್ಯ ನೀವು ಕೈ ಕಟ್ಕೊಂಡು ಆಡಿಟರ್ ತರ. ಬೈತಿಲ್ಲ, ನಾನೂ ಅದೇ ಜಾತಿ.

ಮೊದಲು ಶ್ರುತಿ ವಿಷ್ಯ. ಮೋಸ ಗೀಸ ಏನಿಲ್ಲ. ಇಪ್ಪತ್ತೈದರ ವಯಸ್ಸಲ್ಲಿ ಸ್ಟುಡಿಯೋದಲ್ಲಿ ಹತ್ತು ಟೇಕ್ ತಗೊಂಡು ಹಾಡಿದ ಮೇಲಿನ ಸ್ವರನ, ಐವತ್ತು ದಾಟಿದ ಮೇಲೆ ಒಂದು ಊರಿಂದ ಇನ್ನೊಂದು ಊರಿಗೆ ಪ್ರಯಾಣ ಮಾಡ್ಕೊಂಡು ವಾರಕ್ಕೆ ನಾಲ್ಕು ರಾತ್ರಿ ಹಾಡು ಅಂದ್ರೆ ಗಂಟಲು ಮನುಷ್ಯಂದು ತಾನೇ. ಗಿಟಾರ್‌ಗಾದ್ರೆ ತಂತಿ ಹೊಸದು ಹಾಕ್ಬೋದು. ಇದೇ ತರದ ಬ್ಯಾಂಡ್ ಡ್ರೀಮ್ ಥಿಯೇಟರ್‌ನ ಹಾಡುಗಾರ ಜೇಮ್ಸ್ ಲಾಬ್ರಿ ಕಥೆ ಗೊತ್ತಿರ್ಬೋದು, 1994ರ ಕೊನೇಲಿ ಕ್ಯೂಬಾಗೆ ರಜೆಗೆ ಹೋದಾಗ ಫುಡ್ ಪಾಯ್ಸನ್ ಆಗಿ, ವಾಂತಿ ಮಾಡೋವಾಗ ಧ್ವನಿತಂತುಗೇ ಪೆಟ್ಟಾಯ್ತು, ಆಮೇಲೆ ವರ್ಷಗಟ್ಟಲೆ ಆ ಕಷ್ಟದಲ್ಲೇ ಹಾಡಿದೀನಿ ಅಂತ ಅವ್ರೇ ಹೇಳ್ಕೊಂಡಿದಾರೆ. ಅಷ್ಟೂ ವರ್ಷ ಸೀಡಿ ಹಿಡ್ಕೊಂಡು ಹೋಲಿಸಿ ಬೈದೋರಿಗೆ ಇದು ಗೊತ್ತಿತ್ತೋ ಇಲ್ವೋ. ಅರ್ಧ ಸ್ವರ ಇಳಿಸಿದ್ರೆ ತಂತಿ ಸ್ವಲ್ಪ ಸಡಿಲ ಆಗುತ್ತೆ, ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಇನ್ನೂ ದಪ್ಪ ಕೇಳ್ಸುತ್ತೆ, ನಂಗಂತೂ ಕೆಲವು ಹಾಡು ಹಾಗೇ ಚೆನ್ನಾಗಿರುತ್ತೆ ಅನ್ಸುತ್ತೆ.

ಇನ್ನು ಆ ಹುಡುಗ. ಅವನ ಚಪ್ಪಾಳೆ ನೀವು ಅಂದ್ಕೊಂಡಷ್ಟು ತಪ್ಪಲ್ಲ. 7/8ರ ರಿಫ್ ಅನ್ಕೊಳ್ಳಿ, ಅಂದ್ರೆ ಸುತ್ತಿಗೆ ಏಳು ಎಣಿಕೆ, ತಕಿಟ ತಕಧಿಮಿ. ಅವನು ಎರಡಕ್ಕೊಂದು ಏಟು ಹೊಡೀತಾನೆ. ಮೊದಲ ಸುತ್ತಲ್ಲಿ ಒಂದು, ಮೂರು, ಐದು, ಏಳಕ್ಕೆ ಬೀಳುತ್ತೆ, ಎರಡನೇ ಸುತ್ತಲ್ಲಿ ಜಾರಿ ಎರಡು, ನಾಲ್ಕು, ಆರಕ್ಕೆ, ಆವಾಗ ನಿಮ್ಗೆ ಹಲ್ಲು ಕಡಿಯೋ ಹಂಗಾಗುತ್ತೆ. ಮೂರನೇ ಸುತ್ತಿಗೆ ಮತ್ತೆ ಸರಿಯಾಗಿ ಒಂದರ ಮೇಲೇ ಬಂದು ಕೂತಿರ್ತಾನೆ, ಅವನಿಗೇ ಗೊತ್ತಿಲ್ದೆ. ಎಷ್ಟೋ ಡ್ರಮ್ಮರ್‌ಗಳು ಬೇಕಂತ್ಲೇ ಮಾಡೋದೂ ಇದನ್ನೇ ಅಲ್ವಾ, ಕಾಲು ಏಳರಲ್ಲಿ ಓಡ್ತಿರುತ್ತೆ, ಮೇಲೆ ಸಿಂಬಲ್ ಮಾತ್ರ ಆರಾಮಾಗಿ ನಾಲ್ಕರಲ್ಲಿ. ಅದಕ್ಕೇ ನೋಡಿ ಇಂಥ ಹಾಡಿಗೂ ತಲೆ ಆಡಿಸೋಕಾಗೋದು. ನೀವು ಲೆಕ್ಕದಲ್ಲಿ ಗೆದ್ರಿ, ಅವನು ತಾಳದಲ್ಲಿದ್ದ.

ಆದ್ರೂ ನಿಮ್ ದೂರಲ್ಲಿ ಒಂದು ನಿಜ ಇದೆ, ಅದನ್ನ ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ಈಗ ತುಂಬಾ ಬ್ಯಾಂಡ್‌ಗಳು ಕ್ಲಿಕ್ ಟ್ರ್ಯಾಕ್ ಮೇಲೆ ನುಡಿಸ್ತಾರೆ, ಕಿವಿಯೊಳಗೆ ಟಿಕ್ ಟಿಕ್ ಅಂತಿರುತ್ತೆ, ಹಿಂದಿನ ವಿಡಿಯೋ ಲೈಟು ಎಲ್ಲಾ ಅದಕ್ಕೇ ಕಟ್ಟಿಹಾಕಿರ್ತಾರೆ. ಒಬ್ಬ ಖುಷಿಯಾಗಿ ಸೋಲೋ ನಾಲ್ಕು ಸುತ್ತು ಜಾಸ್ತಿ ಎಳೆಯೋಣ ಅಂದ್ರೂ ಆಗಲ್ಲ, ಪರದೆ ಮೇಲಿನ ಚಿತ್ರ ಮುಂದೆ ಹೋಗ್ಬಿಡುತ್ತೆ. ಒಂದು ನೋಟೂ ತಪ್ಪಲಿಲ್ಲ ಅಂದ್ರಲ್ಲ, ನಿಮ್ಗೆ ಬೇಜಾರಾಗಿದ್ದು ಅದಕ್ಕೇ ಇರ್ಬೋದು.

ನಂಗೆ ನೆನಪಿರೋ ಶೋ ಒಂದಿದೆ, ಚಿಕ್ಕ ಹಾಲು, ಕ್ಲಿಕ್ ಗಿಕ್ ಏನೂ ಇರ್ಲಿಲ್ಲ. ಹಾಡು ಮಧ್ಯ ಎಲ್ಲಾ ನಿಂತು ಬರೀ ಬೇಸ್ ಉಳ್ಕೊಳ್ಳೋ ಜಾಗ, ಕೀಬೋರ್ಡ್‌ನೋರು ಒಂದು ಸುತ್ತು ಮೊದಲೇ ಬಂದ್ಬಿಟ್ರು. ಡ್ರಮ್ಮರ್ ತಲೆ ಎತ್ತಿ ಅವ್ರನ್ನ ನೋಡ್ದ, ಕೋಲು ಗಾಳೀಲಿ ಹಿಡ್ಕೊಂಡೇ ನಕ್ಕ, ಆಮೇಲೆ ಟಾಮ್ ಡ್ರಮ್‌ಗಳ ಮೇಲೆ ಒಂದು ಉದ್ದ ಫಿಲ್, ಅಂದ್ರೆ ಖಾಲಿ ಜಾಗ ತುಂಬೋ ಉರುಳು ಏಟು, ಎಳ್ದು ಐದೂ ಜನಾನ ಒಂದರ ಮೇಲೆ ತಂದು ಇಳಿಸ್ದ. ಮಿಕ್ಕ ಎರಡು ಗಂಟೇಲಿ ಏನೇನ್ ನುಡಿಸಿದ್ರು ಅಂತ ಕೇಳಿದ್ರೆ ಪಟ್ಟಿ ನೋಡ್ಬೇಕು, ಆ ನಾಲ್ಕು ಸೆಕೆಂಡು ಮಾತ್ರ ಹಾಗೇ ಇದೆ. ಮುಂದಿನ ಸಲ ಕೈ ನೋಡ್ಬೇಡಿ, ಅವ್ರು ಒಬ್ರನ್ನೊಬ್ರು ಯಾವಾಗ ನೋಡ್ತಾರೆ ಅದನ್ನ ನೋಡಿ. ಮತ್ತೆ ಹೋಗೋ ವಾರ ಪೂರ್ತಿ ಆ ಆಲ್ಬಂ ಹಾಕ್ಬೇಡಿ, ಕಷ್ಟ ಗೊತ್ತು.

ಪ್ರಶ್ನೆ: ಶೋ ಮುಗಿದು ಎರಡು ದಿನ ಕಿವೀಲಿ ಗುಂಯ್ ಅಂತಿತ್ತು. ಇಯರ್ ಪ್ಲಗ್ ಹಾಕ್ಕೊಂಡು ಹೋದ್ರೆ ಮೆಟಲ್ ಕೇಳಿದ ಹಾಗಾಗುತ್ತಾ? ನಗಲ್ವಾ ಜನ?

ಉತ್ತರ: ನಗೋರ ಕಿವಿ ಆಗ್ಲೇ ಹೋಗಿರುತ್ತೆ, ಬಿಡಿ. ಲೆಕ್ಕ ಹೇಳ್ತೀನಿ, 85 ಡೆಸಿಬೆಲ್ ಸದ್ದಲ್ಲಿ ಎಂಟು ಗಂಟೆ ಇರ್ಬೋದು ಅಂತಾರೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ್ರೂ ಆ ಹೊತ್ತು ಅರ್ಧ ಆಗುತ್ತೆ, ಅಂದ್ರೆ 100ಕ್ಕೆ ಬರೋಷ್ಟರಲ್ಲಿ ಉಳಿಯೋದು ಹದಿನೈದೇ ನಿಮಿಷ. ಇವ್ರ ಒಂದು ಹಾಡೇ ಅದಕ್ಕಿಂತ ಉದ್ದ ಇರುತ್ತೆ ಕೆಲವು ಸಲ! ಫೋಮ್ ಪ್ಲಗ್ಗು ಮೇಲಿನ ಸದ್ದನ್ನೇ ಜಾಸ್ತಿ ಕತ್ತರಿಸುತ್ತೆ, ಹಾಡುಗಾರ ಕಂಬಳಿ ಹೊದ್ಕೊಂಡು ಹಾಡ್ದಂಗೆ ಕೇಳ್ಸುತ್ತೆ, ಅದಕ್ಕೆ ಸಂಗೀತಗಾರರಿಗೆ ಅಂತ್ಲೇ ಮಾಡಿರೋ ಫಿಲ್ಟರ್ ಪ್ಲಗ್ ತಗೊಳ್ಳಿ, ಎಲ್ಲಾ ಸದ್ದನ್ನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುತ್ತೆ. ನಂಗಂತೂ ಅದು ಹಾಕಿದ್ಮೇಲೇ ಬೇಸ್ ಗಿಟಾರ್ ಏನ್ ನುಡಿಸ್ತಿದಾರೆ ಅಂತ ಕೇಳಿದ್ದು. ಸ್ಪೀಕರ್ ಗೋಡೆ ಮುಂದೆ ನಿಲ್ಬೇಡಿ, ಸೌಂಡ್ ಇಂಜಿನಿಯರ್ ಮಿಕ್ಸರ್ ಇಟ್ಕೊಂಡಿರ್ತಾರಲ್ಲ, ಅದರ ಮುಂದೆ ಜಾಗ ಹಿಡೀರಿ, ಅವ್ರು ಸರಿ ಮಾಡೋದು ಅಲ್ಲಿ ಕೇಳೋ ಸದ್ದನ್ನ ತಾನೇ. ಈಗ ಗುಂಯ್ ಅನ್ನೋದು ನಿಂತಿದ್ರೆ ಸರಿ, ಇನ್ನೂ ಇದ್ರೆ ಕಿವಿ ಡಾಕ್ಟರ್ ಹತ್ರ ಹೋಗಿ, ನನ್ನ ಉತ್ತರ ಕಾಯ್ಕೊಂಡು ಕೂರ್ಬೇಡಿ.