ತಾಳಮದ್ದಳೆ ಆಡಿಯೋ ನಡುನಡುವೆ ನಿಲ್ಲುತ್ತಿದ್ದರೆ

ಕ್ಯಾಸೆಟ್ಟಿನಿಂದ ಎಂಪಿ3 ಮಾಡಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿಟ್ಟ ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಕಂಪ್ಯೂಟರಿನಲ್ಲಿ ಕೇಳುವಾಗ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ತೊಂದರೆ ಹೆಚ್ಚಾಗಿ ನಿಮ್ಮ ಹಾರ್ಡ್ ಡಿಸ್ಕಿನಲ್ಲೋ ಅದರ ಕೇಬಲ್ಲಿನಲ್ಲೋ ಇರಬೇಕು, ಫೈಲಿನಲ್ಲಿ ಅಲ್ಲ. ಫೈಲೇ ಕೆಟ್ಟಿದ್ದರೆ ಯಾವಾಗಲೂ ಅದೇ ಪದ್ಯದಲ್ಲಿ, ಅದೇ ಅರ್ಥದ ಮಾತಿನಲ್ಲಿ ತಡೆಯುತ್ತಿತ್ತು.

ಮೊದಲು ಒಂದು ಪ್ರಸಂಗವನ್ನು ಕಂಪ್ಯೂಟರಿನ ಒಳಗೆ ಕಾಪಿ ಮಾಡಿ, ಡಿಸ್ಕ್ ಕಳಚಿಟ್ಟು ಪೂರ್ತಿ ಕೇಳಿ. ಕಾಪಿ ಆಗುವಾಗಲೇ ನಿಂತರೆ, ಅಥವಾ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ, ಬೇರೆ ಯಾವ ರಿಪೇರಿಗೂ ಕೈ ಹಾಕಬೇಡಿ. ವಿಂಡೋಸಿನಲ್ಲೇ ಇರುವ ಡಿಸ್ಕ್ ರಿಪೇರಿಯ ಚೆಕ್‌ಡಿಸ್ಕ್ ಕೂಡ ಬೇಡ. ಬರುವಷ್ಟು ಫೈಲುಗಳನ್ನು ಮೊದಲು ಬೇರೆ ಕಡೆಗೆ ತೆಗೆದುಕೊಳ್ಳಿ. ತೀರಿಹೋದ ಭಾಗವತರ (ಪದ್ಯ ಹಾಡುವವರ) ಸ್ವರ ಇನ್ನೊಮ್ಮೆ ರೆಕಾರ್ಡ್ ಮಾಡಲು ಸಿಗುವುದಿಲ್ಲ.

ಒಳಗಿಂದ ಸರಿಯಾಗಿ ಕೇಳಿದರೆ ಕೇಬಲ್ ಬದಲಿಸಿ. ಯುಎಸ್‌ಬಿ ಹಬ್ ಬಿಟ್ಟು, ಸಿಪಿಯುವಿನ ಹಿಂದಿನ ಯುಎಸ್‌ಬಿ ಪೋರ್ಟಿಗೆ ನೇರ ಸಿಕ್ಕಿಸಿ. ಕಾಸರಗೋಡಿನ ಮಳೆಗಾಲದ ತೇವಕ್ಕೆ ಪೋರ್ಟು ಕಿಲುಬು ಹಿಡಿಯುವುದುಂಟು, ಎದುರಿನದ್ದನ್ನು ನಂಬಬೇಡಿ. ಆಮೇಲೆ ವಿಂಡೋಸ್ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಡಿಸೇಬಲ್ ಮಾಡಿ. ವಿದ್ಯುತ್ ಉಳಿಸಲು ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುವುದು ಅದೇ. ವಿಎಲ್‌ಸಿ ಪ್ಲೇಯರಿನಲ್ಲಿ ಕೇಳುವುದಾದರೆ 'ಫೈಲ್ ಕ್ಯಾಶಿಂಗ್' 3000 ಮಾಡಿ, ಅಂದರೆ ಮೂರು ಸೆಕೆಂಡಿನಷ್ಟು ಮುಂಚಿತವಾಗಿ ಓದಿಟ್ಟುಕೊಳ್ಳುತ್ತದೆ.

ಒಳಗಿನ ಕಾಪಿಯೂ ನಿಲ್ಲುತ್ತದೆಯಾದರೆ ಡಿಸ್ಕಿನ ತಪ್ಪಲ್ಲ. ಬಹುಶಃ ಸೌಂಡ್ ಡ್ರೈವರ್. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ, ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದಲೇ ಡ್ರೈವರ್ ಹೊಸದಾಗಿ ಹಾಕಿ ನೋಡಿ.